ನಿಘಂಟಿನ ನೆರೆಹೊರೆ

ಓದುವುದಕ್ಕೆ ಏನಾದರೂ ಪುಸ್ತಕ ಕೊಡಿ ಎಂದು ಕೇಳಿದ ಅತಿಥಿಯ ಕೈಗೆ ನಿಘಂಟನ್ನು ಕೊಟ್ಟರೆ ಆತ ಮತ್ತೆ ನಮ್ಮ ಮನೆಯ ಕಡೆ ತಲೆ ಹಾಕಲಾರ. ನಿಘಂಟು ನೋಡುವ ಪುಸ್ತಕವೇ ಹೊರತು ಓದುವ ಪುಸ್ತಕವಲ್ಲವೆಂಬುದು ಲೋಕದ ತೀರ್ಮಾನ. ಕಾಯಿಲೆ ಬಂದಾಗ ವೈದ್ಯರ ಬಾಗಿಲು ತಟ್ಟುವಂತೆ ಅದರ ಬಾಗಿಲು ತಟ್ಟಿ, ಔಷಧ ಸಿಕ್ಕೊಡನೆ ಹಿಂದಿರುಗುವುದು ವಾಡಿಕೆ. ಮೂವತ್ತು ವರ್ಷಕ್ಕೆ ಮಿಕ್ಕಿ ಕನ್ನಡ ಪಾಠ ಹೇಳಿದ ನಾನೂ ಬಹುಕಾಲ ಹಾಗೆಯೇ ನಡೆದುಕೊಂಡೆ. ನಿವೃತ್ತನಾಗಿ ಬಸರಾಳಿಗೆ ಬಂದು ನೆಲಸಿ, ಉತ್ತರಪತ್ರಿಕೆಗಳ ಕಾಟ ತಪ್ಪಿದ ಮೇಲೆ, ಏನನ್ನೂ ಹುಡುಕದೆ ನಿಘಂಟನ್ನು ಸುಮ್ಮನೆ ಓದುವ ಚಾಳಿ ನನಗೆ ಅಂಟಿಕೊಂಡಿತು. ಆ ಚಾಳಿಯ ಸುಖವನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂಬುದು ಈ ಹೊತ್ತಿನ ನನ್ನ ಆಸೆ.

ಚಾಳಿಯ ಬೇರು ಮಾತ್ರ ಬಾಲ್ಯದ ಒಂದು ಪೆದ್ದುತನದಲ್ಲಿದೆ. ನನಗಾಗ ಏಳೋ ಎಂಟೋ ವರ್ಷ. ಅವ್ವ ನನ್ನ ಕೈಗೊಂದು ಪುಟ್ಟಿ ಕೊಟ್ಟು, “ದೊಡ್ಡವ್ವನ ಮನೆಗೆ ಹೋಗಿ ರಾಗಿ ಹೆಚ್ಚೋಗದೆ ಅಂತ ಹೇಳ್ಬುಟ್ಟು ಬಾ ಮಗ” ಎಂದಳು. ನಾನು ಹೋಗಿ, ಅವ್ವನ ಮಾತನ್ನು ನನ್ನ ಬುದ್ಧಿಗೆ ತಿಳಿದಂತೆ ತಿದ್ದಿ, “ನಮ್ಮನೇಲಿ ರಾಗಿ ಬೇಕಾದಂಗದೆ ದೊಡ್ಡವ್ವ” ಎಂದು ಹೆಮ್ಮೆಯಿಂದ ಸಾರಿದೆ. ಆಕೆ ನಕ್ಕು, “ಸಂತೋಸ ಕಣ್ ಮಗ” ಎಂದಳು. ನಾನು ಬರಿಯ ಪುಟ್ಟಿಯೊಡನೆ ಹಿಂದಿರುಗಿದೆ. ಅವ್ವ ಬೈಯಲಿಲ್ಲ. ಮತ್ತೆ ನನ್ನನ್ನು ಕಳುಹಿಸಲೂ ಇಲ್ಲ. ಒಂದು ಸಲ ಕೇಳುವುದಕ್ಕೇ ಆಕೆ ಎಷ್ಟು ಹೊತ್ತು ಯೋಚಿಸಿದ್ದಳೋ. ಆ ರಾತ್ರಿ ನಾವು ಏನು ಉಂಡೆವೆಂಬುದು ನೆನಪಿಲ್ಲ. ಹಿಟ್ಟು ಉಣ್ಣಲಿಲ್ಲವೆಂಬುದು ನೆನಪಿದೆ.

ಧಾನ್ಯ ‘ಮುಗಿಯಿತು’, ‘ಇಲ್ಲ’ ಎಂದು ಬಾಯಿಬಿಟ್ಟು ಹೇಳಬಾರದು, ‘ಹೆಚ್ಚಿತು’ ಎನ್ನಬೇಕು ಎಂಬ ನಡೆ ನನಗೆ ಆಮೇಲೆ ತಿಳಿಯಿತು. ದೀಪವನ್ನು ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತಾರೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಹಾವು ಕಚ್ಚುವುದಿಲ್ಲ, ಹುಳ ಮುಟ್ಟುತ್ತದೆ. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎಂದು ಎಣಿಸುವುದಿಲ್ಲ, ‘ಲಾಭ’ ಎಂದು ಎಣಿಸುತ್ತಾರೆ. ‘ಹೆಚ್ಚು’ ಎಂಬ ಶಬ್ದಕ್ಕೆ ಅಧಿಕವಾಗು ಎಂಬ ಅರ್ಥವನ್ನೂ, ತರಕಾರಿಯನ್ನು ತುಂಡುಮಾಡು ಎಂಬ ಅರ್ಥವನ್ನೂ ಯಾರು ಬೇಕಾದರೂ ಹೇಳಿಯಾರು. ಒಬ್ಬ ಬಡ ಹೆಂಗಸು ಅದನ್ನು ನುಡಿದಾಗ ಮಡಕೆಯ ತಳ ಕಾಣಿಸುತ್ತಿದೆಯೆಂಬ ಅರ್ಥವಿದೆ ಎಂಬುದನ್ನು ಹೇಳಬೇಕಾದವನು ನಾನು. ಅದಕ್ಕೆ ಬೆಲೆ ತೆತ್ತವನು.

ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದಾಗ ಗ್ರಂಥಾಲಯದಲ್ಲಿ ಕಿಟ್ಟೆಲ್ಲರ ನಿಘಂಟನ್ನು ಮೊದಲು ಕಂಡೆ. ಫರ್ಡಿನೆಂಡ್ ಕಿಟ್ಟೆಲ್ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಜರ್ಮನಿಯಿಂದ 1853ರಲ್ಲಿ ಇಲ್ಲಿಗೆ ಬಂದವರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾಯಿತು. 1,700ಕ್ಕೂ ಹೆಚ್ಚು ಪುಟ, 70,000ದಷ್ಟು ಶಬ್ದ. ಮುಂದೆ ಮದರಾಸು ವಿಶ್ವವಿದ್ಯಾಲಯವು ಮರಿಯಪ್ಪ ಭಟ್ಟರಿಂದ ಅದನ್ನು ಪರಿಷ್ಕರಿಸಿ 1968ರಿಂದ 1971ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಹೊರತಂದಿತು. ಇದೆಲ್ಲ ಪಠ್ಯಪುಸ್ತಕದ ಸಂಗತಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು. ಕೆಲವು ಅರ್ಥಗಳ ಮಗ್ಗುಲಲ್ಲಿ ‘ಮೈಸೂರು’ ಎಂಬುದನ್ನು ಸೂಚಿಸುವ ಎರಡು ರೋಮನ್ ಅಕ್ಷರಗಳಿದ್ದುವು: ಈ ಮಾತು ಮೈಸೂರು ಸೀಮೆಯ ಬಳಕೆ ಎಂದು ಅದರ ಗುರುತು. ಧಾರವಾಡ, ಬೆಳಗಾವಿಗಳ ಕಡೆಯ ಮಾತಿಗೆ ಇನ್ನೊಂದು ಗುರುತು. ಗಾದೆಗಳಿಗೆ ಮತ್ತೊಂದು. ಕೇಶಿರಾಜನ ಶಬ್ದಮಣಿದರ್ಪಣದಿಂದ ಎತ್ತಿಕೊಂಡ ಹಳಗನ್ನಡ ಶಬ್ದದ ಕೆಳಗೇ, ಅದೇ ಅಳತೆಯ ಅಕ್ಷರದಲ್ಲಿ, ನಮ್ಮ ಕೇರಿಯ ಮಾತು ಕುಳಿತಿತ್ತು. ನಾಗರಿಕರ ನಡುವೆ ಆಡಲು ನಾಚುತ್ತಿದ್ದ ಮಾತುಗಳನ್ನು ಹೊರನಾಡಿನ ಒಬ್ಬ ಪಾದ್ರಿ ಕೇಳಿಸಿಕೊಂಡು, ಬರೆದುಕೊಂಡು, ಕವಿಗಳ ಪಂಕ್ತಿಯಲ್ಲಿ ಎಲೆ ಹಾಕಿ ಕೂರಿಸಿದ್ದರು. ಮಂಡ್ಯದ ಕಡೆಯಿಂದ ಬಂದ ವಿದ್ಯಾರ್ಥಿಗೆ ಇದು ಸಣ್ಣ ಸಮಾಧಾನವಲ್ಲ.

ದೊಡ್ಡ ನಿಘಂಟಿನ ನಿಜವಾದ ಸುಖ ನಾವು ಹುಡುಕಿಹೋದ ಶಬ್ದದಲ್ಲಿಲ್ಲ, ಅದರ ನೆರೆಹೊರೆಯಲ್ಲಿದೆ. ‘ಕಣ’ವನ್ನು ನೋಡಹೋದೆವೆನ್ನಿ. ಒಕ್ಕಣೆ ಮಾಡುವ ನೆಲವೂ ಕಣ; ಧೂಳಿನ ಒಂದು ಅಣುವೂ, ಸಂಸ್ಕೃತದ ದಾರಿಯಿಂದ ಬಂದು, ಕಣವೇ. ಪಕ್ಕದ ಮನೆಯಲ್ಲಿ ಹೋಳಿಗೆಯ ಕಣಕ. ಅದರಾಚೆ ಕಣಗಿಲೆ ಹೂವು. ಅನಂತರ ಕಣಜ, ಧಾನ್ಯ ತುಂಬಿಡುವುದೂ ಕಣಜ, ಕುಟುಕಿ ಹಾರಿಹೋಗುವ ಹುಳುವೂ ಕಣಜ. ಸಾಲ ಮಾಡಿ ಬೆಳೆ ಬೆಳೆದ ರೈತನಿಗೆ ಈ ಎರಡೂ ಒಂದೇ ಶಬ್ದವಾಗಿರುವುದು ಆಶ್ಚರ್ಯವೆನಿಸಲಾರದು. ಮುಂದೆ ಭವಿಷ್ಯ ನುಡಿಯುವ ಕಣಿ, ಬೆಟ್ಟಗಳ ನಡುವಣ ಕಣಿವೆ, ಇವೆಲ್ಲವನ್ನೂ ನೋಡುವ ಕಣ್ಣು. ಒಂದಕ್ಕೂ ಇನ್ನೊಂದಕ್ಕೂ ರಕ್ತಸಂಬಂಧ ಇರಬೇಕೆಂದಿಲ್ಲ. ಅಕಾರಾದಿ ಕ್ರಮವೆಂಬ ಕುರುಡು ಶಾನುಭೋಗ ಇವನ್ನು ಒಂದು ಕೇರಿಯಲ್ಲಿ ನಿವೇಶನ ಕೊಟ್ಟು ಕೂರಿಸಿದ್ದಾನೆ; ಹಾದುಹೋಗುವ ನಮಗೆ ಎಲ್ಲರ ಮನೆಯ ಮಾತೂ ಕಿವಿಗೆ ಬೀಳುತ್ತದೆ.

ನಮ್ಮ ಪ್ರಾಚೀನ ಕೋಶಕಾರರಿಗೆ ಈ ಶಾನುಭೋಗ ಬೇಕಾಗಿರಲಿಲ್ಲ. ಅಮರಕೋಶ ಸ್ವರ್ಗದಿಂದ ಆರಂಭವಾಗಿ ಭೂಮಿಗೆ ಇಳಿಯುತ್ತದೆ. ದೇವತೆಗಳು, ದಿಕ್ಕುಗಳು, ಊರು, ಬೆಟ್ಟ, ಕಾಡು ಎಂದು ಲೋಕವನ್ನೇ ಸುತ್ತಿ ಬರುತ್ತದೆ. ಕನ್ನಡದಲ್ಲಿ ರನ್ನನ ಹೆಸರಿನ ‘ರನ್ನಕಂದ’ದ ಕೆಲವೇ ಪದ್ಯಗಳು ಉಳಿದಿವೆ. ನಾಗವರ್ಮನ ‘ವಸ್ತುಕೋಶ’, 1398ರ ‘ಮಂಗರಾಜ ನಿಘಂಟು’, 16ನೆಯ ಶತಮಾನದ ‘ಕಬ್ಬಿಗರ ಕೈಪಿಡಿ’, ‘ಕರ್ನಾಟಕ ಶಬ್ದಮಂಜರಿ’ ಎಲ್ಲವೂ ಪದ್ಯರೂಪದವು. ಶಬ್ದ ತಿಳಿಯದವನು ಹುಡುಕಲಿ ಎಂದು ಬರೆದವಲ್ಲ, ಕಾವ್ಯ ಕಟ್ಟುವವನು ಬಾಯಿಪಾಠ ಮಾಡಲಿ ಎಂದು ಬರೆದವು. ಇವನ್ನೆಲ್ಲ ಕಾವ್ಯದಂತೆ ಆಸ್ವಾದಿಸಿದೆನೆಂದರೆ ಸುಳ್ಳಾದೀತು. ಕೆಲವೆಡೆ ಛಂದಸ್ಸು ಮಳೆಗಾಲದ ನಮ್ಮೂರ ರಸ್ತೆಯ ಹಾಗೆ ನಡೆಯುತ್ತದೆ. ಆದರೂ ಶಬ್ದಗಳನ್ನು ಹಾಡಿನಲ್ಲಿ ಪೋಣಿಸಿ ಮಗುವಿನ ನಾಲಗೆಗೆ ಕಟ್ಟಿಬಿಟ್ಟರೆ ಪುಸ್ತಕವನ್ನು ಗೆದ್ದಲು ತಿಂದರೂ ಕೋಶ ಉಳಿಯುತ್ತದೆ ಎಂಬ ಅವರ ಲೆಕ್ಕಾಚಾರ ಸಣ್ಣದಲ್ಲ.

ಬಸರಾಳಿಗೆ ಹೊರಗಿನವರು ಬರುವುದು ಮಲ್ಲಿಕಾರ್ಜುನ ದೇವಾಲಯಕ್ಕಾಗಿ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಣ್ಣಾಯಕ ಕಟ್ಟಿಸಿದ ತ್ರಿಕೂಟ ಅದು. ದಣ್ಣಾಯಕ ಎಂಬ ಶಬ್ದವನ್ನೇ ನೋಡಿ: ಸಂಸ್ಕೃತದ ದಂಡನಾಯಕ ಕನ್ನಡದ ಬಾಯಲ್ಲಿ ಅಗಿದು ಮೆತ್ತಗಾಗಿ ದಣ್ಣಾಯಕನಾಗಿದ್ದಾನೆ, ಸೇನಾಪತಿಯ ಬಿರುಸು ಹೋಗಿ ಮನೆಯವನಂತೆ ಕಾಣುತ್ತಾನೆ. ದೇವಾಲಯ ನೋಡಬಂದ ಒಬ್ಬ ಹುಡುಗ ಒಮ್ಮೆ ನನ್ನನ್ನು, ಸುಕನಾಸಿ ಎಂದರೇನು, ಸುಖಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳಿದ. ಗರ್ಭಗುಡಿಯ ಮುಂದಣ ಕಿರುಮಂಟಪಕ್ಕೆ ಆ ಹೆಸರು. ಅದರಲ್ಲಿರುವುದು ಸುಖವಲ್ಲ, ಶುಕ, ಎಂದರೆ ಗಿಳಿ. ಶಿಖರದ ಮುಂದೆ ಗಿಳಿಯ ಮೂಗಿನಂತೆ ಚಾಚಿದ ಭಾಗದಿಂದ ಬಂದ ಹೆಸರು. ಇಂಥವನ್ನು ತಿಳಿಯಬೇಕೆಂದರೆ ಪ್ರಸನ್ನ ಕುಮಾರ ಆಚಾರ್ಯರು 1927ರಲ್ಲಿ ಪ್ರಕಟಿಸಿದ ಹಿಂದೂ ವಾಸ್ತುಶಿಲ್ಪದ ಇಂಗ್ಲಿಷ್ ನಿಘಂಟು ಇದೆ. ಕಂಬ, ಬಾಗಿಲುವಾಡ, ಪೀಠಗಳಿಗೇ ಮೀಸಲಾದ ಕೋಶ! ಅದನ್ನು ಓದಿ ದೇವಾಲಯಕ್ಕೆ ಹೋದರೆ ಅದುವರೆಗೆ ಬರಿಯ ಕಲ್ಲಾಗಿದ್ದುದಕ್ಕೆಲ್ಲ ಹೆಸರು ಮೂಡುತ್ತದೆ. ಹೆಸರು ತಿಳಿದ ಮೇಲೆಯೇ ಕಣ್ಣು ಅಲ್ಲಿ ನಿಲ್ಲುವುದು.

ಸಂಖ್ಯಾಸಂಜ್ಞೆಗಳ ಪಟ್ಟಿಗಳೂ ಒಂದು ಬಗೆಯ ನಿಘಂಟೇ. ಚಂದ್ರನೆಂದರೆ ಒಂದು, ನೇತ್ರವೆಂದರೆ ಎರಡು, ಅಗ್ನಿ ಮೂರು, ವೇದ ನಾಲ್ಕು, ಬಾಣ ಐದು, ಋತು ಆರು. ಹೇಳುವಾಗ ಬಿಡಿಸ್ಥಾನದಿಂದ ಆರಂಭಿಸಿ ಎಡಕ್ಕೆ ಸರಿಯಬೇಕು. ನಮ್ಮ ದೇವಾಲಯದ 1234ರಿಂದ 78ನ್ನು ಕಳೆದು ಶಕವರ್ಷ 1156 ಎಂದು ಲೆಕ್ಕಹಾಕಿ, ಅದನ್ನು ‘ಋತು-ಬಾಣ-ಚಂದ್ರ-ಭೂಮಿ’ ಎಂದು ಬರೆದು ಒಂದು ಸಂಜೆ ಕಳೆದೆ. ಅಲ್ಲಿಯ ಶಾಸನದಲ್ಲಿ ಹೀಗಿದೆಯೆಂದಲ್ಲ, ಇದು ನಿವೃತ್ತ ಮೇಷ್ಟ್ರ ಆಟ. ಮೊಮ್ಮಗಳಿಗೆ ಹೇಳಿಕೊಟ್ಟೆ, ಅವಳೀಗ ತನ್ನ ಗೆಳತಿಗೆ ದೂರವಾಣಿ ಸಂಖ್ಯೆಯನ್ನು ಹೀಗೆಯೇ ಬರೆದುಕೊಟ್ಟು ಕಾಡುತ್ತಾಳಂತೆ.

ನನಗೆ ಅತ್ಯಂತ ಪ್ರಿಯವಾದ ವಿಚಿತ್ರ ನಿಘಂಟು ಇದಲ್ಲ. ಬರೋ ಮತ್ತು ಎಮೆನೊ ಎಂಬಿಬ್ಬರು ವಿದ್ವಾಂಸರು 1961ರಲ್ಲಿ ಹೊರತಂದ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶ. ಅದರ ಪರಿಷ್ಕೃತ ಆವೃತ್ತಿ 1984ರದು. ಅದರಲ್ಲಿ ಶಬ್ದಗಳು ಒಂಟಿಯಾಗಿಲ್ಲ, ಕುಟುಂಬ ಸಮೇತ ಇವೆ. ಐದು ಸಾವಿರಕ್ಕೂ ಮಿಕ್ಕ ಕುಟುಂಬಗಳು, ಒಂದೊಂದಕ್ಕೆ ಒಂದು ಸಂಖ್ಯೆ. ತಮಿಳು, ತೆಲುಗುಗಳಂಥ ಶ್ರೀಮಂತರ ಜೊತೆಯಲ್ಲಿ ನೀಲಗಿರಿಯ ತೋಡ, ಕೋತ ನುಡಿಗಳೂ ಒಂದೇ ಚಾಪೆಯ ಮೇಲೆ ಕುಳಿತಿವೆ. ನಮ್ಮ ಹಾಲು ತಮಿಳಿನಲ್ಲಿ ಪಾಲ್, ತುಳುವಿನಲ್ಲಿ ಪೇರ್. ನಮ್ಮೂರಿನ ಬಾಯಲ್ಲಿ ಅದು ‘ಆಲು’. ಪಕಾರ ಹಕಾರವಾಗಿ, ಹಕಾರವೂ ಸವೆದು ಹೋಗುವ ಸಾವಿರ ವರ್ಷದ ಕಥೆಯ ಕೊನೆಯ ಅಧ್ಯಾಯವನ್ನು ನಮ್ಮೂರಿನವರು ಬೆಳಗಿನ ಡೈರಿಯ ಸಾಲಿನಲ್ಲಿ ನಿಂತು ಆಡುತ್ತಿದ್ದಾರೆ. ಅದನ್ನು ಅಶುದ್ಧವೆಂದು ತರಗತಿಯಲ್ಲಿ ತಿದ್ದಿದ ಪಾಪದಲ್ಲಿ ನನ್ನ ಪಾಲೂ ಇದೆ.

ಈ ಕೋಶದಲ್ಲಿಯೇ ನಾನು ‘ಆಲೆ’ಯನ್ನು ಕಂಡದ್ದು. ಮಂಡ್ಯ ಸೀಮೆಯಲ್ಲಿ ಹುಟ್ಟಿದವನಿಗೆ ಆಲೆಮನೆಯನ್ನು ಪರಿಚಯಿಸಬೇಕಾಗಿಲ್ಲ. ಕೊಪ್ಪರಿಗೆಯಲ್ಲಿ ಕುದಿಯುವ ರಸದ ವಾಸನೆ ಅರ್ಧ ಮೈಲಿ ದೂರದಿಂದಲೇ ಕೈಹಿಡಿದು ಕರೆಯುತ್ತದೆ. ಆದರೆ ಆಲೆ ಎಂದರೇನೆಂದು ನಾನು ಎಂದೂ ಕೇಳಿಕೊಂಡಿರಲಿಲ್ಲ. ಹಾಲಿಗೂ ಅದಕ್ಕೂ ಏನೋ ನಂಟಿರಬೇಕೆಂದು ಒಳಗೊಳಗೆ ನಂಬಿದ್ದೆ. ಆಲೆಯೆಂದರೆ ಕಬ್ಬು ಅರೆಯುವ ಗಾಣ. ತಮಿಳಿನ ಆಲೈ ಅದರ ಒಡಹುಟ್ಟು. ಮುಂದಿನ ಕಥೆ ಸ್ವಾರಸ್ಯವಾದುದು. ತಮಿಳರು ಯಂತ್ರಗಳು ಬಂದಾಗ ಆ ಹಳೆಯ ಶಬ್ದವನ್ನೇ ಹಿಗ್ಗಿಸಿ, ಸಕ್ಕರೆಯ ದೊಡ್ಡ ಕಾರ್ಖಾನೆಯನ್ನೂ ಆಲೈ ಎಂದೇ ಕರೆದರು. ನಾವು ಹಾಗೆ ಮಾಡಲಿಲ್ಲ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿ ಮಂಡ್ಯದಲ್ಲಿ ಚಿಮಣಿ ಎದ್ದಾಗ ಅದಕ್ಕೆ ಪಾರಸಿಯ ‘ಕಾರ್ಖಾನೆ’ ಬಂತು. ಆಲೆ ಬೆಲ್ಲದ ಮನೆಯಲ್ಲೇ ಉಳಿಯಿತು. ಸಕ್ಕರೆಗೆ ಒಂದು ಶಬ್ದ, ಬೆಲ್ಲಕ್ಕೆ ಒಂದು ಶಬ್ದ. ಆಲೆಮನೆಗಳು ಮುಚ್ಚಿದರೆ ನಮ್ಮಲ್ಲಿ ಆಲೆಗೆ ಬೇರೆ ಮನೆಯಿಲ್ಲ. ತಮಿಳಿನಲ್ಲಿ ಅದಕ್ಕೆ ಆ ಭಯವಿಲ್ಲ.

ತುಳುವಿನವರ ಪುಣ್ಯ ದೊಡ್ಡದು. 1886ರಲ್ಲೇ ಮಾನ್ನರ್ ಪಾದ್ರಿಯ ತುಳು-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿತ್ತು. ನೂರು ವರ್ಷದ ಮೇಲೆ, ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರ ಮುಂದಾಳ್ತನದಲ್ಲಿ, 1988ರಿಂದ 1997ರೊಳಗೆ ಆರು ಸಂಪುಟಗಳ ತುಳು ನಿಘಂಟು ಸಿದ್ಧವಾಯಿತು. ಜನಗಳ ಬಳಿಗೇ ಹೋಗಿ, ಯಾವ ಸೀಮೆಯವರು, ಯಾವ ಸಮುದಾಯದವರು ಹೇಗೆ ನುಡಿಯುತ್ತಾರೆಂದು ಕೇಳಿ ಕೂಡಿಸಿದ ಕೋಶ. ತುಳು ಬಾರದ ನಾನು ಅದನ್ನು ನೆರೆಮನೆಯ ಮದುವೆಯನ್ನು ನೋಡುವವನಂತೆ ನೋಡುತ್ತೇನೆ.

ಇನ್ನು ಅಂತರ್ಜಾಲದ ಮಾತು. ಮಿತ್ರರು ಕೆಲವರು ಅದರ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾರೆ. ನಾನು ಸಿಂಡರಿಸಲಾರೆ. ಒಂದು ಕಾಲಕ್ಕೆ ಕಿಟ್ಟೆಲ್ಲರನ್ನು ನೋಡಬೇಕೆಂದರೆ ಬಸರಾಳಿನಿಂದ ಬಸ್ಸು ಹತ್ತಿ ಮೈಸೂರಿಗೆ ಹೋಗಬೇಕಾಗಿತ್ತು. ಈಗ 1894ರ ಅದೇ ಪುಟಗಳು, ಅದೇ ಹಳೆಯ ಅಚ್ಚಿನಲ್ಲಿ, ದೇವಾಲಯದ ಅಂಗಳದಲ್ಲಿ ಕುಳಿತ ನನ್ನ ಅಂಗೈಗೆ ಬರುತ್ತವೆ. ಬರೋ-ಎಮೆನೊ ಕೋಶವನ್ನು ಷಿಕಾಗೋ ವಿಶ್ವವಿದ್ಯಾಲಯದವರು ಅಂತರ್ಜಾಲದಲ್ಲಿಟ್ಟಿದ್ದಾರೆ. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ 2016ರಲ್ಲಿ ‘ಭಾರತವಾಣಿ’ಯನ್ನು ತೆರೆದು ಅನೇಕ ಭಾಷೆಗಳ ಕೋಶಗಳನ್ನು ಒಂದೆಡೆ ತಂದಿತು. ಕರ್ನಾಟಕ ಸರ್ಕಾರದ ‘ಪದಕಣಜ’ವಿದೆ, ಹೆಸರಿಟ್ಟವರು ಧಾನ್ಯದ ಕಣಜವನ್ನೇ ನೆನೆದಿರಬೇಕು. ವಿ. ಕೃಷ್ಣ ಎಂಬ ಒಬ್ಬರೇ ವ್ಯಕ್ತಿ ದಶಕಗಳ ಕಾಲ ಕುಳಿತು ಕೂಡಿಸಿದ ಒಂದೂವರೆ ಲಕ್ಷ ಶಬ್ದಗಳ ಕನ್ನಡ-ಇಂಗ್ಲಿಷ್ ಕೋಶ 2019ರಲ್ಲಿ ‘ಅಲರ್’ ಎಂಬ ಹೆಸರಿನಲ್ಲಿ, ಯಾರು ಬೇಕಾದರೂ ಬಳಸಿಕೊಳ್ಳುವಂತೆ, ತೆರೆದುಕೊಂಡಿತು. ಅಲರ್ ಎಂದರೆ ಹೂವು. ಅರಳು ಎಂಬುದೂ ಹೌದು. ಎಷ್ಟು ಸೊಗಸಾದ ಹೆಸರು!

ಆದರೆ ಒಂದು ತೊಡಕಿದೆ. ಯಂತ್ರ ನಾವು ಕೇಳಿದ್ದನ್ನು ಮಾತ್ರ ಹೇಳುತ್ತದೆ. ಅಕ್ಕಪಕ್ಕದ ಮನೆಗಳ ಬಾಗಿಲು ಮುಚ್ಚಿರುತ್ತದೆ. ಒಮ್ಮೆ ಮೊಮ್ಮಗಳು, “ಯಾವ ಪದ ಬೇಕು ಹೇಳು ತಾತ” ಎಂದು ಬೆರಳು ಸಿದ್ಧಮಾಡಿಕೊಂಡು ಕುಳಿತಳು. ‘ಅಗೇವು’ ಎಂದೆ. ನಮ್ಮ ಹಳೆಯ ಮನೆಯ ಮುಂದೆ ನೆಲದಡಿಯಲ್ಲಿ ರಾಗಿ ತುಂಬಿಡುತ್ತಿದ್ದ ಗುಂಡಿಯನ್ನು ನಾವು ಹಾಗೆಯೇ ಕರೆಯುತ್ತಿದ್ದುದು. ಏನೂ ಸಿಗಲಿಲ್ಲ. “ಅಂಥ ಪದವೇ ಇಲ್ಲ ತಾತ” ಎಂದಳು. ಹಕಾರ ಸೇರಿಸಿ ‘ಹಗೇವು’ ಎಂದು ಬರೆ ಎಂದಾಗ ಶಬ್ದ ನೆಲದೊಳಗಿಂದ ಎದ್ದು ಬಂತು. ಹಾಗೆ ಸೇರಿಸಬೇಕೆಂದು ನನಗೆ ತಿಳಿದಿತ್ತು, ಸರಿ. ತಿಳಿಯದವನಿಗೆ ತನ್ನ ಅವ್ವನ ಮಾತು ಶಬ್ದವೇ ಅಲ್ಲವೆಂದು ಅಂಗೈ ಅಗಲದ ಗಾಜು ತೀರ್ಪು ಕೊಟ್ಟುಬಿಡುತ್ತದೆ. ಆಮೇಲೆ ಅವಳನ್ನು ಕಪಾಟಿನ ಬಳಿಗೆ ಕರೆದೊಯ್ದು ದೊಡ್ಡ ಪುಸ್ತಕ ಬಿಡಿಸಿ ತೋರಿಸಿದೆ: ಹಗರಣ, ಹಗಲು, ಹಗುರ, ಹಗೆ, ಹಗೇವು, ಹಗ್ಗ. ದ್ವೇಷದ ಮಗ್ಗುಲಲ್ಲೇ ರಾಗಿಯ ಗುಂಡಿ. “ಇಷ್ಟೊಂದು ಜನ ಅಕ್ಕಪಕ್ಕ ಇದಾರಾ!” ಎಂದಳು. ‘ಜನ’ ಎಂದೇ ಅಂದಳು.

ಶಬ್ದಗಳು ನಿಘಂಟಿನೊಳಕ್ಕೆ ತಾವಾಗಿ ನಡೆದುಹೋಗುವುದಿಲ್ಲ. ಯಾರೋ ಒಬ್ಬರು ಕೇಳಬೇಕು, ಬರೆದುಕೊಳ್ಳಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಕೆಲಸ 1940ರ ದಶಕದಲ್ಲಿ ಮೊದಲಾಗಿ, ಮೊದಲ ಸಂಪುಟ 1970ರಲ್ಲಿ ಹೊರಬಂದು, ಎಂಟನೆಯದು 1995ರಲ್ಲಿ ಮುಗಿಯಿತು. ಶಾಸನದಿಂದ ಒಂದು ವಾಕ್ಯ, ಕಾವ್ಯದಿಂದ ಒಂದು ವಾಕ್ಯ ಎಂದು ಚೀಟಿಗಳಲ್ಲಿ ಬರೆದು, ಕಾಲಾನುಕ್ರಮವಾಗಿ ಜೋಡಿಸಿದ ಕೆಲಸ. ಅರ್ಧ ಶತಮಾನದ ಆ ದುಡಿಮೆಯಲ್ಲಿ ಆರಂಭಿಸಿದ ಎಷ್ಟೋ ಜನ ಮುಕ್ತಾಯವನ್ನು ಕಾಣಲಿಲ್ಲ. ಕಂಡವರಲ್ಲಿ ಜಿ. ವೆಂಕಟಸುಬ್ಬಯ್ಯನವರು ಒಬ್ಬರು. ನಮ್ಮ ಜಿಲ್ಲೆಯವರು, ಶ್ರೀರಂಗಪಟ್ಟಣದ ಗಂಜಾಮಿನಲ್ಲಿ 1913ರಲ್ಲಿ ಹುಟ್ಟಿ, ಮೊದಲು ಮಂಡ್ಯದ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು, 2021ರಲ್ಲಿ, 107 ವರ್ಷ ತುಂಬಿ, ತೀರಿಕೊಂಡರು. ಎಂಟು ಸಂಪುಟಗಳಿಗಿಂತಲೂ ನನಗೆ ಆಪ್ತವಾದುದು ಅವರ ‘ಇಗೋ ಕನ್ನಡ’. 1991ರಿಂದ ಪ್ರಜಾವಾಣಿಯಲ್ಲಿ ಓದುಗರು ಈ ಮಾತಿಗೆ ಅರ್ಥವೇನು, ಆ ಮಾತು ಎಲ್ಲಿಂದ ಬಂತು ಎಂದು ಕೇಳುತ್ತ ಹೋದರು, ಅವರು ಉತ್ತರಿಸುತ್ತ ಹೋದರು. ಕೊನೆಗೆ ಅದೇ ಒಂದು ನಿಘಂಟಾಯಿತು. ಅಕಾರಾದಿಯ ಶಾನುಭೋಗನಲ್ಲ, ಜನಗಳ ಕುತೂಹಲವೇ ಶಬ್ದಗಳನ್ನು ಆರಿಸಿದ ಕೋಶ ಅದು.

ಅವರ ಧೈರ್ಯದ ಮೇಲೆ ನಾನೂ ಒಂದು ನೋಟ್ ಪುಸ್ತಕ ಹಿಡಿದು ನಮ್ಮೂರ ಬಳಿಯ ಆಲೆಮನೆಗೆ ಹೋದೆ. ಅಲ್ಲಿ ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಹಿರಿಯರಾದ ಒಬ್ಬರು ಪಾಕ ನೋಡುತ್ತಾರೆ. ಒಣಗಿದ ಕಬ್ಬಿನ ಗರಿಗೆ ತರಗು, ರಸ ಹಿಂಡಿದ ಸಿಪ್ಪೆಗೆ ರಚ್ಚು, ಕೊಯ್ದ ಬುಡದಿಂದ ಮತ್ತೆ ಚಿಗುರುವ ಬೆಳೆಗೆ ಕೂಳೆ, ತೆನೆಯಂತೆ ತುದಿಯಲ್ಲಿ ಹೊರಡುವ ಬಿಳಿಯ ಹೂವಿಗೆ ಸೂಲಂಗಿ. ನಾನು ಬರೆದುಕೊಂಡೆ. ಪಾಕ ಇಳಿಸುವ ಹದಕ್ಕೆ ಏನೆನ್ನುತ್ತೀರಿ ಎಂದು ಕೇಳಿದೆ. ಅವರು ಹುಟ್ಟನ್ನು ಎತ್ತಿ, ಇಳಿಯುವ ಎಳೆಯನ್ನು ನೋಡುತ್ತ, “ಹೇಳಕಾಗಕಿಲ್ಲ ಮೇಷ್ಟ್ರೇ, ಕಣ್ಣಿಗೆ ಗೊತ್ತಾಯ್ತದೆ” ಎಂದರು. ಅದನ್ನೂ ಬರೆದುಕೊಂಡೆ. “ಇದ್ನೆಲ್ಲ ಬರ್ಕೊಂಡು ಏನ್ ಮಾಡೀರಿ?” ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ. ಒಂದು ಉಂಡೆ ಬಿಸಿ ಬೆಲ್ಲವನ್ನು ಕಬ್ಬಿನ ಗರಿಯ ಮೇಲಿಟ್ಟು ಕೈಗೆ ಕೊಟ್ಟು, ನಾಳೆ ಬನ್ನಿ, ಕಪಿಲೆ ಬಾವಿ ಹೊಡೀತಿದ್ದ ಕಾಲದ ಮಾತು ಹೇಳ್ತೀನಿ ಎಂದರು.

ಮನೆಗೆ ಬಂದು ನೋಟ್ ಪುಸ್ತಕದ ಪುಟಗಳಿಗೆ ಸಂಖ್ಯೆ ಹಾಕಿದೆ. ಮೊದಲ ಪುಟಕ್ಕೆ ಒಂದು ಎಂದು ಬರೆಯಲಿಲ್ಲ, ‘ಲಾಭ’ ಎಂದು ಬರೆದೆ. ಎರಡನೆಯ ಪುಟದಲ್ಲಿ ಅವ್ವನ ‘ಹೆಚ್ಚು’ ಇದೆ. ಅದರ ಎದುರಿಗೆ ಅರ್ಥ ಬರೆಯುವ ಜಾಗವನ್ನು ಸ್ವಲ್ಪ ದೊಡ್ಡದಾಗಿಯೇ ಬಿಟ್ಟಿದ್ದೇನೆ.